ಹಬೇರೆ: ಹಿಡಿದು ಹಿಡಿದು ಸವೆದ ಒಂದು ಕ್ರಿಯಾಪದ

ಎಲ್ಲರಿಗೂ ನಮಸ್ಕಾರ.

ಕನ್ನಡ ಪತ್ರಿಕೆ ಓದುವವರಿಗೆಲ್ಲ 'ಹೇಬಿಯಸ್ ಕಾರ್ಪಸ್ ಅರ್ಜಿ' ಎಂಬ ಮಾತು ಗೊತ್ತು. ಮಗ ಮನೆಗೆ ಬಂದಿಲ್ಲ, ಯಾರು ಕರೆದೊಯ್ದರೋ ತಿಳಿಯದು. ತಾಯಿ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ. ಸಂವಿಧಾನದ 226ನೇ ವಿಧಿ ಅವಳಿಗಾಗಿ ಆ ಬಾಗಿಲನ್ನು ತೆರೆದಿಟ್ಟಿದೆ. ಆ ಹುಡುಗನನ್ನು ನಮ್ಮೆದುರು ತಂದು ನಿಲ್ಲಿಸಿ ಎಂದು ನ್ಯಾಯಾಲಯ ಆದೇಶಿಸುತ್ತದೆ. 'ಕಾರ್ಪಸ್' ಎಂದರೆ ದೇಹ ಎಂಬುದು ಅನೇಕರಿಗೆ ತಿಳಿದಿರುತ್ತದೆ. 'ಹೇಬಿಯಸ್' ಎಂದರೇನು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಅದೊಂದು ಕ್ರಿಯಾಪದ. ಲ್ಯಾಟಿನ್ನಿನ 'ಹಬೇರೆ' ಎಂಬ ಕ್ರಿಯಾಪದದ ಮಧ್ಯಮ ಪುರುಷ ಏಕವಚನ. 'ಆ ದೇಹ ನಿನ್ನ ಬಳಿ ಇರಲಿ, ಅದನ್ನು ಹಿಡಿದುಕೊಂಡೇ ನಮ್ಮ ಮುಂದೆ ಬಾ' ಎಂಬ ಕಟ್ಟಪ್ಪಣೆಯ ಧ್ವನಿ ಅದರಲ್ಲಿದೆ. 2025ರ ಮೇ 8ರಂದು ರೋಮಿನ ಮೊಗಸಾಲೆಯಿಂದ ಕಾರ್ಡಿನಲ್ ಒಬ್ಬರು 'ಹಬೇಮುಸ್ ಪಾಪಂ' ಎಂದು ಕೂಗಿ ಹೇಳಿದ್ದನ್ನು ನಿಮ್ಮಲ್ಲಿ ಕೆಲವರು ಟಿ.ವಿ.ಯಲ್ಲಿ ಕೇಳಿರಬಹುದು. ಅಲ್ಲಿದ್ದದ್ದೂ ಇದೇ ಕ್ರಿಯಾಪದ. 'ನಮಗೆ ಪೋಪ್ ಸಿಕ್ಕಿದ್ದಾರೆ' ಎಂದು ನಾವು ಕನ್ನಡಿಸುತ್ತೇವೆ. ಅಕ್ಷರಶಃ ಬಿಡಿಸಿದರೆ 'ನಾವು ಪೋಪರನ್ನು ಹೊಂದಿದ್ದೇವೆ' ಎಂದಾಗುತ್ತದೆ, ಕಿವಿಗೆ ಹಿತವಾಗುವುದಿಲ್ಲ. ಯಾಕೆ ಹಿತವಾಗುವುದಿಲ್ಲ ಎಂಬುದರಿಂದಲೇ ನನ್ನ ಇವತ್ತಿನ ಮಾತು ಹೊರಡುತ್ತದೆ.

ಮೂವತ್ತು ತುಂಬಿದ ಮೇಲೆ ನಾನು ಫ್ರೆಂಚ್ ಕಲಿಯಲೆಂದು ಒಂದು ಸಂಜೆ ತರಗತಿಗೆ ಸೇರಿದೆ. ಮೊದಲ ವಾರದಲ್ಲೇ ವಯಸ್ಸು ಹೇಳುವುದನ್ನು ಕಲಿಸಿದರು. ಫ್ರೆಂಚರು 'ನಾನು ಮೂವತ್ತು ವರ್ಷಗಳನ್ನು ಹೊಂದಿದ್ದೇನೆ' ಎನ್ನುತ್ತಾರೆ. ಹಸಿವಾದರೆ 'ನಾನು ಹಸಿವನ್ನು ಹೊಂದಿದ್ದೇನೆ'. ನಮ್ಮಲ್ಲಿ 'ನನಗೆ ಮೂವತ್ತು' ಎಂದರೆ ಸಾಕು, ಕ್ರಿಯಾಪದವೇ ಬೇಡ. ಹಸಿವು ನಮಗೆ ಆಗುತ್ತದೆ, ಜ್ವರ ನಮಗೆ ಬರುತ್ತದೆ, ನಾವು ಯಾವುದನ್ನೂ ಕೈಯಲ್ಲಿ ಹಿಡಿದುಕೊಂಡಿರುವುದಿಲ್ಲ. ಇದನ್ನು ಗಮನಿಸಿದ ಸಹಪಾಠಿಯೊಬ್ಬರು, 'ಕನ್ನಡದಲ್ಲಿ ಹ್ಯಾವ್ ಎನ್ನುವುದಕ್ಕೆ ಪದವೇ ಇಲ್ಲವಲ್ಲ, ನಮ್ಮದು ಬಡ ಭಾಷೆ' ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಈ 'ಹ್ಯಾವ್', ಫ್ರೆಂಚಿನ ಈ 'ಅವ್ವಾರ್', ಈ 'ಹಬೇರೆ' ಎಲ್ಲಿಂದ ಬಂದವು, ಅವು ಮಾಡುವ ಕೆಲಸವನ್ನು ನಮ್ಮಲ್ಲಿ ಯಾರು ಮಾಡುತ್ತಿದ್ದಾರೆ ಎಂದು ಅಂದಿನಿಂದ ಹುಡುಕುತ್ತಲೇ ಇದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಗೆಹರಿಸಿಕೊಳ್ಳೋಣ. ಇಂಗ್ಲಿಷಿನ 'ಹ್ಯಾವ್', ಜರ್ಮನ್ನಿನ 'ಹಾಬೆನ್', ಲ್ಯಾಟಿನ್ನಿನ 'ಹಬೇರೆ' ಮೂರನ್ನೂ ಪಕ್ಕದಲ್ಲಿಟ್ಟರೆ ಒಡಹುಟ್ಟಿದವರಂತೆ ಕಾಣುತ್ತವೆ. ಅರ್ಥ ಒಂದೇ, ಸದ್ದೂ ಹೆಚ್ಚುಕಡಿಮೆ ಒಂದೇ. ಆದರೆ ಹ್ಯಾವ್ ಮತ್ತು ಹಬೇರೆಗೆ ರಕ್ತಸಂಬಂಧ ಇಲ್ಲ. ಲ್ಯಾಟಿನ್ನಿನಲ್ಲಿ 'ಕ' ಇದ್ದ ಕಡೆ ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲಿ 'ಹ' ಬರುತ್ತದೆ ಎಂಬ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ತೋರಿಸಿದರು. ಲ್ಯಾಟಿನ್ನಿನ 'ಕೆಂತುಂ' ಇಂಗ್ಲಿಷಿನ 'ಹಂಡ್ರೆಡ್'. 'ಕಾನಿಸ್' ಅಂದರೆ ನಾಯಿ, ಇಂಗ್ಲಿಷಿನ 'ಹೌಂಡ್'. ಈ ಲೆಕ್ಕದಲ್ಲಿ ಹ್ಯಾವ್‌ನ ನಿಜವಾದ ಲ್ಯಾಟಿನ್ ನೆಂಟ 'ಕಾಪೆರೆ'. ಹಾಗೆಂದರೆ ಗಬಕ್ಕನೆ ಹಿಡಿ ಎಂದು. ಹಬೇರೆಗೆ ಇಂಗ್ಲಿಷಿನಲ್ಲಿ ನೆಂಟಸ್ತಿಕೆ ಹೇಳುವುದು 'ಗಿವ್' ಜೊತೆಗೆ, ಅಂದರೆ ಕೊಡುವುದರ ಜೊತೆಗೆ. ಎರಡು ಬೇರೆ ಬೇರೆ ಬೇರುಗಳಿಂದ ಎದ್ದ ಕೊಂಬೆಗಳು ಮೇಲೆ ಬಂದು ಹೆಣೆದುಕೊಂಡಿವೆ.

ಲ್ಯಾಟಿನ್ ಕೂಡ ಮೊದಲಿನಿಂದ ಎಲ್ಲದಕ್ಕೂ ಹಬೇರೆಯನ್ನೇ ನೆಚ್ಚಿಕೊಂಡ ಭಾಷೆಯಲ್ಲ. ಅಲ್ಲಿ 'ಮಿಹಿ ಎಸ್ತ್ ಲಿಬೆರ್' ಎಂದು ಹೇಳುವ ಪದ್ಧತಿ ಇತ್ತು. 'ಮಿಹಿ' ಎಂದರೆ ನನಗೆ, 'ಎಸ್ತ್' ಎಂದರೆ ಇದೆ, 'ಲಿಬೆರ್' ಎಂದರೆ ಪುಸ್ತಕ. ನನಗೆ ಪುಸ್ತಕ ಇದೆ! ಚತುರ್ಥೀ ವಿಭಕ್ತಿ, ಇರುವಿಕೆಯ ಕ್ರಿಯಾಪದ, ಎಲ್ಲವೂ ನಮ್ಮ 'ನನಗೆ ಇಬ್ಬರು ಮಕ್ಕಳಿದ್ದಾರೆ' ಎಂಬ ವಾಕ್ಯದ ಅಚ್ಚಿನಲ್ಲೇ ಇವೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಆ ಸಹಪಾಠಿಯನ್ನು ಹುಡುಕಿಕೊಂಡು ಹೋಗಿ ತೋರಿಸಬೇಕು ಅನ್ನಿಸಿತು. ಬಡತನ ಎಂದು ನಾವು ಕರೆದದ್ದು ರೋಮಿನ ಹೆಸರಾಂತ ವಾಗ್ಮಿ ಸಿಸೆರೊನ ಭಾಷೆಯಲ್ಲೂ ಗೌರವದಿಂದ ಬಾಳುತ್ತಿದ್ದ ಪದ್ಧತಿ. ರಷ್ಯನ್ ಇಂದಿಗೂ 'ನನ್ನ ಬಳಿ ಇದೆ' ಎನ್ನುವ ದಾರಿಯಲ್ಲಿದೆ, ಹಿಂದಿಯೂ ಹಾಗೆಯೇ. ಹೊಂದುವುದಕ್ಕೆಂದೇ ಪ್ರತ್ಯೇಕ ಕ್ರಿಯಾಪದ ಇಟ್ಟುಕೊಂಡಿರುವುದು ಭಾಷೆಗಳ ಒಂದು ರೂಢಿ, ಅಷ್ಟೆ.

ಲ್ಯಾಟಿನ್ ಆಡುವವರ ಬಾಯಲ್ಲಿ ಮುಂದೆ ಹಬೇರೆಯೇ ಗೆದ್ದಿತು. ಗೆದ್ದು, ಲ್ಯಾಟಿನ್ನಿನ ಮಕ್ಕಳಾದ ರೊಮಾನ್ಸ್ ಭಾಷೆಗಳಿಗೆಲ್ಲ ಹಂಚಿಹೋಯಿತು. ಫ್ರೆಂಚ್ 'ಅವ್ವಾರ್', ಇಟಾಲಿಯನ್ 'ಅವೇರೆ', ಸ್ಪ್ಯಾನಿಷ್ 'ಅಬೇರ್', ಪೋರ್ಚುಗೀಸ್ 'ಅವೇರ್', ರೊಮೇನಿಯನ್ 'ಅವ್ಯಾ'. ಎಲ್ಲದರಲ್ಲೂ ಮೊದಲ 'ಹ'ಕಾರ ಹೋಗಿದೆ, ಗಮನಿಸಿ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳು ಬರವಣಿಗೆಯಲ್ಲಿ ಅದನ್ನು ಉಳಿಸಿಕೊಂಡಿವೆ, ಬಾಯಲ್ಲಿ ಯಾರೂ ಹೇಳುವುದಿಲ್ಲ.

ಈ ಹಕಾರದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಕತುಲ್ಲುಸ್ ಎಂಬ ರೋಮನ್ ಕವಿ ಅರ್ರಿಯುಸ್ ಎಂಬುವನ ಮೇಲೆ ಒಂದು ಚಿಕ್ಕ ಪದ್ಯ ಬರೆದ. ಅರ್ರಿಯುಸನಿಗೆ ದೊಡ್ಡವರಂತೆ ಮಾತನಾಡುವ ಆಸೆ. ಜನಸಾಮಾನ್ಯರ ಬಾಯಲ್ಲಿ ಆಗಲೇ ಹಕಾರ ಬಿದ್ದುಹೋಗುತ್ತಿತ್ತು. ಹಕಾರ ಹೇಳಿದರೆ ಗೌರವ ಎಂದುಕೊಂಡ ಅವನು ಇಲ್ಲದ ಕಡೆಯೂ ಅದನ್ನು ತುರುಕುತ್ತಿದ್ದ. ಹೊಂಚು ಎಂಬ ಅರ್ಥದ 'ಇನ್ಸಿದಿಯಾಸ್' ಅವನ ಬಾಯಲ್ಲಿ 'ಹಿನ್ಸಿದಿಯಾಸ್' ಆಗುತ್ತಿತ್ತು. ಅವನು ಪೂರ್ವದೇಶಕ್ಕೆ ಹೋದ ಮೇಲೆ ಅಯೋನಿಯನ್ ಸಮುದ್ರಕ್ಕೂ ಹಕಾರ ಅಂಟಿಕೊಂಡಿತಂತೆ. ಈ ಪದ್ಯ ಓದಿದಾಗ ನನಗೆ ನಮ್ಮ ಹಳ್ಳಿಯ ಶಾಲೆ ನೆನಪಾಯಿತು. 'ಹಾಲು' ಎನ್ನಲು 'ಆಲು' ಎಂದು, 'ಆನೆ' ಎನ್ನಲು 'ಹಾನೆ' ಎಂದು ಓದಿ ತರಗತಿಯ ನಗುವಿಗೆ ಗುರಿಯಾದ ಮಕ್ಕಳು ಕಣ್ಣ ಮುಂದೆ ಬಂದರು. ಆ ಮಕ್ಕಳು ತಪ್ಪಿತಸ್ಥರೆಂದು ನನಗೆ ಯಾವತ್ತೂ ಅನ್ನಿಸಿಲ್ಲ. 'ಹಾಲು' ಎಂಬ ಪದವೇ ಹಳಗನ್ನಡದ 'ಪಾಲ್'ನಿಂದ ಬಂದದ್ದು. ಪಕಾರ ಸವೆದು ಹಕಾರವಾಯಿತು, ಹಕಾರ ಸವೆದು ಬರಿಯ ಸ್ವರವಾಯಿತು. ರೋಮಿನಲ್ಲಿ ನಡೆದ ಸವಕಳಿಯೇ ನಮ್ಮ ಹಳ್ಳಿಯಲ್ಲೂ ನಡೆದಿತ್ತು.

ಇಲ್ಲಿರುವ ಈ ಹಲಗೆಯ ಮೇಲೆ 'ಹಬೆತ್' ಎಂದು ಬರೆಯುತ್ತೇನೆ. 'ಅವನು ಹೊಂದಿದ್ದಾನೆ' ಎಂದು ಅರ್ಥ. ಹಕಾರವನ್ನು ಅಳಿಸುತ್ತೇನೆ, ಅದು ಮೊದಲೇ ಹೋಗಿತ್ತು. ಈಗ ನಡುವಿನ ಬಕಾರ. ಎರಡು ಸ್ವರಗಳ ನಡುವೆ ಸಿಕ್ಕಿದ ಬಕಾರ ತುಟಿ ಪೂರ್ತಿ ಮುಚ್ಚದೆ ವಕಾರದ ಹಾಗೆ ಸಡಿಲವಾಯಿತು. ಅವಸರದ ಮಾತಿನಲ್ಲಿ ಅದೂ ಕರಗಿತು. ಕೊನೆಯ ತಕಾರವೂ ಉದುರಿತು. ಹಲಗೆಯ ಮೇಲೆ ಏನು ಉಳಿಯಿತು ನೋಡಿ: 'ಆ'. ಒಂದೇ ಒಂದು ಸ್ವರ. ಇವತ್ತು ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ನಾಲ್ಕರಲ್ಲೂ 'ಹೊಂದಿದ್ದಾನೆ' ಎಂಬ ಜಾಗದ ಕ್ರಿಯಾಪದದ ಉಚ್ಚಾರ ಇದೊಂದೇ ಸ್ವರ. ಇಟಾಲಿಯನ್ನರು ಉತ್ತಮ ಪುರುಷಕ್ಕೆ ಬರಿಯ 'ಒ' ಎನ್ನುತ್ತಾರೆ. ಬರೆಯುವಾಗ ಮಾತ್ರ ಅದರ ಮುಂದೆ ಉಚ್ಚಾರವಿಲ್ಲದ ಹಕಾರವನ್ನು ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಅದು 'ಅಥವಾ' ಎಂಬ ಅರ್ಥದ 'ಒ' ಆಗಿಬಿಡುತ್ತದೆ. 'ಅವರು ಹೊಂದಿದ್ದಾರೆ' ಎಂಬ 'ಆನ್ನೊ'ಗೂ 'ವರ್ಷ' ಎಂಬ 'ಆನ್ನೊ'ಗೂ ಇರುವ ವ್ಯತ್ಯಾಸ ಆ ಮೂಕ ಹಕಾರ ಒಂದೇ. ಸ್ಪ್ಯಾನಿಷಿನವರು ಮಧ್ಯಯುಗದಲ್ಲಿ ಹಕಾರವಿಲ್ಲದೆ, ವಕಾರ ಹಾಕಿ ಬರೆಯುತ್ತಿದ್ದರು. 18ನೇ ಶತಮಾನದಲ್ಲಿ ಅವರ ಅಕಾಡೆಮಿ ಲ್ಯಾಟಿನ್ ಮೂಲವನ್ನು ನೋಡಿ ಕಾಗುಣಿತವನ್ನು ನೆಲೆಗೊಳಿಸಿತು. ಕಾಗದದ ಮೇಲೆ ಹಳೆಯ ಮೈ ಮರಳಿತು, ಬಾಯಲ್ಲಿ ಮರಳಲಿಲ್ಲ.

ಪದಗಳು ಹೀಗೆ ಸವೆಯುವುದು ಬಳಕೆಯಿಂದ. ಬರಿಯ 'ಹಿಡಿದಿರು' ಎಂಬ ಅರ್ಥದಲ್ಲೇ ಉಳಿದಿದ್ದರೆ ಹಬೇರೆ ಇಷ್ಟು ತೆಳ್ಳಗಾಗುತ್ತಿರಲಿಲ್ಲ. ಅದಕ್ಕೆ ಭಾಷೆ ಬೇರೆ ಕೆಲಸ ಹಚ್ಚಿತು.

ಕ್ರಿ.ಪೂ. 66ರಲ್ಲಿ ಸಿಸೆರೊ ಒಂದು ಭಾಷಣದಲ್ಲಿ, ಏಷ್ಯಾ ಪ್ರಾಂತ್ಯದಲ್ಲಿ ರೋಮನ್ನರು 'ದೊಡ್ಡ ಮೊತ್ತಗಳನ್ನು ತೊಡಗಿಸಿ ಇಟ್ಟುಕೊಂಡಿದ್ದಾರೆ' ಎನ್ನುತ್ತಾನೆ. ಹಣ ಇದೆ, ಅದು ತೊಡಗಿಸಿದ ಸ್ಥಿತಿಯಲ್ಲಿ ಅವರ ವಶದಲ್ಲಿದೆ. ಇಲ್ಲಿ ಹಬೇರೆ ಇನ್ನೂ ನಿಜವಾಗಿಯೇ ಹಿಡಿದಿದೆ. ಆರು ಶತಮಾನ ದಾಟಿ ಬಂದರೆ, ಗಾಲ್ ದೇಶದಲ್ಲಿ, ಅಂದರೆ ಇಂದಿನ ಫ್ರಾನ್ಸಿನಲ್ಲಿ, ಬಿಷಪ್ ಆಗಿದ್ದ ಗ್ರೆಗರಿ ಆಫ್ ತೂರ್ ಅವರ ಬರವಣಿಗೆಯಲ್ಲಿ 'ನೀನು ಬಿಷಪ್ಪರನ್ನು ಆಹ್ವಾನಿಸಿದ್ದೀ' ಎಂಬ ವಾಕ್ಯ ಇದೇ ಅಚ್ಚಿನಲ್ಲಿ ಸಿಗುತ್ತದೆ. ಬಿಷಪ್ಪರನ್ನು ಯಾರೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿಲ್ಲ. ಹಿಡಿತ ಸಡಿಲವಾಗಿದೆ, ಉಳಿದಿರುವುದು 'ಕೆಲಸ ಆಗಿದೆ' ಎಂಬ ಭಾವ ಮಾತ್ರ. ಇಂದಿನ ಫ್ರೆಂಚಿನಲ್ಲಿ ಹಿಂದೆ ನಡೆದುದನ್ನು ಹೇಳುವ ಸಾಮಾನ್ಯ ರೂಪ ಹುಟ್ಟಿದ್ದು ಹೀಗೆ. ಹಳೆಯ ಹಿಡಿತದ ಗುರುತು ಒಂದು ಕಡೆ ಉಳಿದುಕೊಂಡಿದೆ. 'ನಾನು ಬರೆದ ಪತ್ರ' ಎನ್ನುವಾಗ ಫ್ರೆಂಚರು 'ಬರೆದ' ಎಂಬ ಕೃದಂತಕ್ಕೆ ಸ್ತ್ರೀಲಿಂಗದ ಗುರುತು ಹಚ್ಚುತ್ತಾರೆ, ಏಕೆಂದರೆ ಪತ್ರ ಅವರಲ್ಲಿ ಸ್ತ್ರೀಲಿಂಗ. ಪತ್ರವನ್ನು ನಾನು 'ಬರೆಯಲ್ಪಟ್ಟವಳಾಗಿ' ಹಿಡಿದಿದ್ದೇನೆ ಎಂಬ ಪುರಾತನ ಅರ್ಥದ ನೆರಳು ಅದು. ಫ್ರೆಂಚ್ ಶಾಲಾಮಕ್ಕಳು ಇವತ್ತಿಗೂ ಈ ನಿಯಮದಲ್ಲಿ ಎಡವುತ್ತಾರೆ. ಕನ್ನಡಿಗ ಕಲಿಯುವವರಿಗೆ ನಾನು ಇದರ ಕಾರಣವನ್ನೇ ಮೊದಲು ಹೇಳುತ್ತೇನೆ. ಕಾರಣ ತಿಳಿದ ಮೇಲೆ ನಿಯಮ ಭಾರವಾಗುವುದಿಲ್ಲ.

ಕನ್ನಡ ಈ ಕೆಲಸಕ್ಕೆ 'ಇರು' ಧಾತುವನ್ನು ಕರೆಯಿತು. ಬರೆದು ಇದ್ದೇನೆ, ಬರೆದಿದ್ದೇನೆ. ಬಂದು ಇದ್ದೇನೆ, ಬಂದಿದ್ದೇನೆ. ಶಾಲೆಯಲ್ಲಿ ಲೋಪಸಂಧಿಗೆ 'ಊರು ಅಲ್ಲಿ ಊರಲ್ಲಿ' ಎಂದು ಉದಾಹರಣೆ ಕೊಡುತ್ತೇವೆ. ಕನ್ನಡದ ಕಾಲವ್ಯವಸ್ಥೆಯಲ್ಲೇ ಲೋಪಸಂಧಿ ಕೆಲಸ ಮಾಡುತ್ತಿರುವುದನ್ನು ಮಕ್ಕಳಿಗೆ ತೋರಿಸುವುದೇ ಇಲ್ಲ. ನಮ್ಮಲ್ಲೂ ಒಂದು ಪೂರ್ಣ ಕ್ರಿಯಾಪದ ಇನ್ನೊಂದರ ಬಾಲವಾಗಿದೆ. ಫ್ರೆಂಚ್ ಭಾಷೆ ಕೂಡ ಬರುವುದು, ಹೋಗುವುದು, ಹುಟ್ಟುವುದು, ಸಾಯುವುದು ಇಂಥ ಕೆಲವು ಕ್ರಿಯೆಗಳಿಗೆ ಅವ್ವಾರ್ ಬಿಟ್ಟು 'ಇರು' ಎಂಬ ಅರ್ಥದ ಕ್ರಿಯಾಪದವನ್ನೇ ಬಳಸುತ್ತದೆ. 'ಝ ಸ್ವಿ ವನ್ಯು' ಎಂಬುದನ್ನು ಪದಕ್ಕೆ ಪದ ಇಟ್ಟರೆ ನಾನು, ಇದ್ದೇನೆ, ಬಂದು. ಇಟಾಲಿಯನ್ನಿನಲ್ಲೂ ಹಾಗೆಯೇ. ಇಂಗ್ಲಿಷಿನ ಮೂಲಕ ಫ್ರೆಂಚಿಗೆ ಹೋದವರು ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಸೋಲುತ್ತಾರೆ. ಕನ್ನಡದಿಂದ ನೇರವಾಗಿ ಹೋದರೆ ಅದು ನಮ್ಮ ಮನೆಯ ಹಿತ್ತಲ ಬಾಗಿಲು.

ಈಗ ನನಗೆ ಅತ್ಯಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ: ಭವಿಷ್ಯತ್ಕಾಲ.

ಲ್ಯಾಟಿನ್ನಿಗೆ ತನ್ನದೇ ಭವಿಷ್ಯತ್ಕಾಲದ ರೂಪಗಳಿದ್ದವು. 'ಅಮಾಬಿತ್' ಎಂದರೆ ಪ್ರೀತಿಸುವನು. 'ಅಮಾವಿತ್' ಎಂದರೆ ಪ್ರೀತಿಸಿದನು. ಬಕಾರ ಸಡಿಲವಾಗಿ ವಕಾರದ ಹತ್ತಿರ ಬಂದಾಗ ಏನಾಯಿತೆಂದು ಊಹಿಸಿ. ಪ್ರೀತಿಸಿದವನು ಯಾರು, ಪ್ರೀತಿಸಲಿರುವವನು ಯಾರು ಎಂದು ಕಿವಿಗೆ ತಿಳಿಯದೆ ಹೋಯಿತು! ಇನ್ನೊಂದು ಗುಂಪಿನ ಕ್ರಿಯಾಪದಗಳಲ್ಲಿ 'ದೀಕಿಸ್' ಎಂದರೆ ಹೇಳುತ್ತೀಯೆ, 'ದೀಕೇಸ್' ಎಂದರೆ ಹೇಳುವೆ. ಇಕಾರ ಎಕಾರಗಳು ಕಲಸಿಹೋದಾಗ ಅಲ್ಲೂ ಗೊಂದಲ. ಹಳೆಯ ಭವಿಷ್ಯತ್ಕಾಲ ಒಂದೇ ಒಂದು ರೊಮಾನ್ಸ್ ಭಾಷೆಯಲ್ಲೂ ಬದುಕುಳಿಯಲಿಲ್ಲ.

ಬೇರೊಂದು ದಾರಿ ಆಗಲೇ ಸಿದ್ಧವಾಗುತ್ತಿತ್ತು. ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನಲ್ಲಿ ಬರೆಯುತ್ತಿದ್ದ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕ, ಪ್ರವಾದಿಗಳ ಮಾತಿನಂತೆ ನಡೆಯಲೇಬೇಕಾದ ಸಂಗತಿಗಳನ್ನು ಹೇಳುವಾಗ ಹಬೇರೆಯ ಜೊತೆ ಇನ್ನೊಂದು ಕ್ರಿಯಾಪದದ ಮೂಲರೂಪವನ್ನು ಜೋಡಿಸುತ್ತಾನೆ. 'ನಾಸ್ಕಿ ಹಬೆತ್', ಅವನು ಹುಟ್ಟುವುದಿದೆ. ಈ 'ಹುಟ್ಟುವುದಿದೆ' ಎಂಬ ಕನ್ನಡ ರೂಪವನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 'ನನಗೆ ನಾಳೆ ಮೈಸೂರಿಗೆ ಹೋಗುವುದಿದೆ' ಎಂದು ನಾವು ಹೇಳಿದರೆ ಅದು ಕರ್ತವ್ಯವೋ, ನಾಳಿನ ಸುದ್ದಿಯೋ? ಎರಡೂ ಹೌದು. ಮಾಡಬೇಕಾದದ್ದು ನಾಳೆಯೇ ನಡೆಯುವಂಥದ್ದು, ಆದ್ದರಿಂದ ಕರ್ತವ್ಯದ ಮಾತು ಮೆಲ್ಲಗೆ ಭವಿಷ್ಯದ ಮಾತಾಗುತ್ತದೆ. ಲ್ಯಾಟಿನ್ನಿನ 'ಕಂತಾರೆ ಹಬೆಓ', ಅಂದರೆ 'ನನಗೆ ಹಾಡುವುದಿದೆ', ಇದೇ ಇಳಿಜಾರಿನಲ್ಲಿ ಜಾರಿ 'ಹಾಡುವೆನು' ಆಯಿತು. ಎರಡು ಪದಗಳು ಬೆಸೆದುಕೊಂಡವು. ಇಟಾಲಿಯನ್ನಿನ 'ಕಂತೆರೊ', ಸ್ಪ್ಯಾನಿಷಿನ 'ಕಂತರೆ', ಪೋರ್ಚುಗೀಸಿನ 'ಕಂತರೆಯ್', ಫ್ರೆಂಚಿನ 'ಶಾಂತ್ರೆ', ಇವೆಲ್ಲವುಗಳ ಬಾಲದಲ್ಲಿ ಸುರುಟಿಕೊಂಡು ಕುಳಿತಿರುವುದು ಹಬೇರೆ.

ಈ ಬೆಸುಗೆ ಯಾವಾಗ ಆಯಿತು? ಬರವಣಿಗೆಯಲ್ಲಿ ಅದು ಇಣುಕುವ ಮೊದಲ ಜಾಗಗಳಲ್ಲಿ ಒಂದು, ಫ್ರೆಡೆಗಾರ್ ಎಂಬ ಹೆಸರಿನಲ್ಲಿ ಉಳಿದಿರುವ 7ನೇ ಶತಮಾನದ ವೃತ್ತಾಂತ. ಅದರಲ್ಲಿ ಒಂದು ಕತೆ ಬರುತ್ತದೆ. ಸೋತ ಪರ್ಷಿಯದ ದೊರೆಗೆ ರೋಮನ್ ಚಕ್ರವರ್ತಿ ಜಸ್ಟೀನಿಯನ್, ಪ್ರಾಂತ್ಯಗಳನ್ನು ಹಿಂದಕ್ಕೆ ಕೊಡು ಎನ್ನುತ್ತಾನೆ. ದೊರೆ 'ನೋನ್ ದಾಬೊ' ಎನ್ನುತ್ತಾನೆ, ಕೊಡೆನು. ಜಸ್ಟೀನಿಯನ್ ಒಂದೇ ಪದದಲ್ಲಿ ಉತ್ತರಿಸುತ್ತಾನೆ: 'ದಾರಾಸ್'. ಕೊಡುವೆ! ಆದ್ದರಿಂದಲೇ ಆ ಜಾಗಕ್ಕೆ ದಾರಾಸ್ ಎಂದು ಹೆಸರಾಯಿತು ಎಂದು ವೃತ್ತಾಂತಕಾರ ಹೇಳುತ್ತಾನೆ. ಚರಿತ್ರೆಯಾಗಿ ಇದು ನಿಲ್ಲುವುದಿಲ್ಲ. ದಾರಾ ಕೋಟೆ ಇಂದಿನ ತುರ್ಕಿಯ ಮಾರ್ದಿನ್ ಬಳಿ ಇದೆ. ಅದನ್ನು ಕಟ್ಟಿಸಿದ್ದು ಜಸ್ಟೀನಿಯನ್‌ಗಿಂತ ಮೊದಲಿನ ಚಕ್ರವರ್ತಿ ಅನಸ್ತಾಸಿಯಸ್. ಆದರೆ ಭಾಷೆಯ ಮಟ್ಟಿಗೆ ಈ ಕತೆ ಚಿನ್ನ. ದೊರೆಯ ಬಾಯಲ್ಲಿರುವ 'ದಾಬೊ' ಸಾಯುತ್ತಿರುವ ಹಳೆಯ ಭವಿಷ್ಯತ್ಕಾಲ. ಚಕ್ರವರ್ತಿಯ ಬಾಯಲ್ಲಿರುವ 'ದಾರಾಸ್' ಎಂದರೆ 'ದಾರೆ ಹಬೇಸ್', ಹುಟ್ಟುತ್ತಿರುವ ಹೊಸದು. ಒಂದೇ ಸಾಲಿನಲ್ಲಿ ಎರಡೂ ಮುಖಾಮುಖಿಯಾಗಿವೆ. ಬರೆದವನಿಗೆ ತಾನು ಏನನ್ನು ಹಿಡಿದಿಟ್ಟೆ ಎಂಬ ಅರಿವಿರಲಿಲ್ಲ. ಊರಿನ ಹೆಸರಿಗೊಂದು ಕತೆ ಕಟ್ಟಲು ಹೊರಟವನು ಒಂದು ವ್ಯಾಕರಣದ ಜನನ ಪತ್ರವನ್ನೇ ಬರೆದುಬಿಟ್ಟ.

842ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ಫ್ರಾಂಕರ ಚಕ್ರವರ್ತಿ ಶಾರ್ಲ್‌ಮೇನ್‌ನ ಇಬ್ಬರು ಮೊಮ್ಮಕ್ಕಳು ತಮ್ಮ ಅಣ್ಣ ಲೊಥೇರ್‌ನ ವಿರುದ್ಧ ಪ್ರತಿಜ್ಞೆ ಮಾಡಿದರು. ಜರ್ಮನ್ ಭಾಗದ ಲೂಯಿ, ತಮ್ಮನ ಸೈನಿಕರಿಗೆ ಅರ್ಥವಾಗಲೆಂದು ಅವರ ಆಡುಮಾತಿನಲ್ಲೇ ಪ್ರತಿಜ್ಞೆ ಓದಿದ. ಫ್ರೆಂಚಿನ ಅತಿ ಹಳೆಯ ಲಿಖಿತ ರೂಪವೆಂದು ಎಣಿಸುವ ಆ ಪಠ್ಯದಲ್ಲಿ 'ಸಾಲ್ವರಾಯ್' ಎಂಬ ಪದವಿದೆ, ಕಾಪಾಡುವೆನು. ಆ ಹೊತ್ತಿಗೆ ಬೆಸುಗೆ ಗಟ್ಟಿಯಾಗಿತ್ತು.

ಎಲ್ಲ ಕಡೆಯೂ ಒಂದೇ ಸಮನೆ ಗಟ್ಟಿಯಾಗಲಿಲ್ಲ ಎಂಬುದು ಇನ್ನೂ ಸೊಗಸು. 1492ರಲ್ಲಿ ಸ್ಪ್ಯಾನಿಷಿಗೆ ವ್ಯಾಕರಣ ಬರೆದ ನೆಬ್ರೀಹ, ಈ ಭವಿಷ್ಯತ್ಕಾಲ ಮೂಲರೂಪಕ್ಕೆ ಅಬೇರ್ ಸೇರಿ ಆದದ್ದು ಎಂದು ಬಿಡಿಸಿ ಹೇಳಿದ. ಅವನ ಕಾಲದಲ್ಲಿ ಹೊಲಿಗೆಯ ನೂಲು ಇನ್ನೂ ಕಾಣುತ್ತಿತ್ತು. ಸಾರ್ಡೀನಿಯ ದ್ವೀಪದ ಭಾಷೆಯಲ್ಲಿ ಎರಡೂ ಇವತ್ತಿಗೂ ಬಿಡಿಬಿಡಿಯಾಗಿವೆ, ಅಲ್ಲಿ ಹಬೇರೆ ಮುಂದೆ ನಿಲ್ಲುತ್ತದೆ, ಹಾಡುವುದು ಹಿಂದೆ. ಪೋರ್ಚುಗೀಸರು ಶಿಷ್ಟ ಬರವಣಿಗೆಯಲ್ಲಿ 'ನಿನಗೆ ಕೊಡುವೆನು' ಎನ್ನಲು 'ದಾರ್-ತೆ-ಎಯ್' ಎನ್ನುತ್ತಾರೆ. 'ದಾರ್' ಕೊಡು, 'ಎಯ್' ಹಬೇರೆಯ ಚೂರು, ಎರಡರ ನಡುವೆ 'ನಿನಗೆ' ಎಂಬ ಪದ ಬಂದು ಕುಳಿತಿದೆ! ಪದದ ಹೊಟ್ಟೆ ಸೀಳಿ ಇನ್ನೊಂದು ಪದವನ್ನು ಇಟ್ಟಂತೆ ಕಾಣುತ್ತದೆ. ನಮಗೆ ಇದು ವಿಚಿತ್ರವೇ? 'ನೋಡಿಲ್ಲ' ಎನ್ನುತ್ತೇವೆ, ಒಂದೇ ಪದ. ಒತ್ತಿ ಹೇಳಬೇಕಾದಾಗ 'ನೋಡಿಯೇ ಇಲ್ಲ' ಎನ್ನುತ್ತೇವೆ. 'ಹೇಳಿದ್ದೇನೆ' ಒಂದು ಪದ, 'ಹೇಳಿಯೂ ಇದ್ದೇನೆ' ಎಂದಾಗ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಬೆಸೆದ ಪದ ತಾನು ಎರಡಾಗಿದ್ದ ದಿನವನ್ನು ಮರೆತಿರುವುದಿಲ್ಲ.

ಇನ್ನು ನಮ್ಮ ಪತ್ರಿಕೆಗಳ ಭಾಷೆಗೆ ಬನ್ನಿ. 'ಮುಖ್ಯಮಂತ್ರಿಗಳು ನಾಳೆ ಮಾತನಾಡಲಿದ್ದಾರೆ', 'ರೈಲು ಸಂಚಾರ ಆರಂಭವಾಗಲಿದೆ'. ದಿನಕ್ಕೆ ಹತ್ತು ಸಲ ಓದುವ ರೂಪ ಇದು. ಮಾತನಾಡಲು, ಇದ್ದಾರೆ. ಮೂಲರೂಪಕ್ಕೆ ಸಹಾಯಕ ಕ್ರಿಯಾಪದ ಬೆಸೆದು ಭವಿಷ್ಯತ್ಕಾಲ. 'ಕಂತಾರೆ ಹಬೆಓ' ಹಾಕಿದ ಹೆಜ್ಜೆಯೇ ಇದು. ಅವರು ಹಿಡಿದಿರುವ ಕ್ರಿಯಾಪದವನ್ನು ಹಚ್ಚಿದರು, ನಾವು ಇರುವ ಕ್ರಿಯಾಪದವನ್ನು ಹಚ್ಚಿದೆವು. ಸ್ವತಂತ್ರ ಪದ ವ್ಯಾಕರಣದ ಪ್ರತ್ಯಯವಾಗಿ ಮಾರ್ಪಡುವ ಈ ಪ್ರಕ್ರಿಯೆಗೆ ಆಂತ್ವಾನ್ ಮೆಯ್ಯೆ ಎಂಬ ಫ್ರೆಂಚ್ ವಿದ್ವಾಂಸರು 1912ರಲ್ಲಿ ಒಂದು ಹೆಸರು ಕೊಟ್ಟರು. ವ್ಯಾಕರಣೀಕರಣ ಎಂದು ಕನ್ನಡದಲ್ಲಿ ಹೇಳಬಹುದು. ಹೆಸರು ಹೊಸದು. 'ಕೊಳ್ಳು' ಎಂಬ ನಮ್ಮ ಪದವನ್ನೇ ನೋಡಿ. ತೆಗೆದುಕೊಳ್ಳುವುದು ಎಂದು ಅದರ ಅರ್ಥ. 'ಮಲಗಿಕೊಂಡ' ಎಂಬಲ್ಲಿ ಅವನು ಏನನ್ನು ತೆಗೆದುಕೊಂಡ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. 'ಇರು'ವಿನ ಕೆಲಸವನ್ನು ಹಬೇರೆ ಯಾವತ್ತಾದರೂ ಮಾಡಿತೇ? ಮಾಡಿತು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಎಗೇರಿಯಾ ಎಂಬ ಮಹಿಳೆ ಪಶ್ಚಿಮ ಯುರೋಪಿನಿಂದ ಸಿನಾಯ್ ಬೆಟ್ಟಕ್ಕೆ, ಜೆರುಸಲೇಮಿಗೆ ಯಾತ್ರೆ ಹೋದಳು. ಕಂಡದ್ದನ್ನೆಲ್ಲ ತನ್ನ ಊರಿನ ಸೋದರಿಯರಿಗೆ ಪಂಡಿತರ ಭಾಷೆಯ ಬಿಗುವಿಲ್ಲದೆ ಬರೆದಳು. ಆ ಬರಹದ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆತ್ಸೊ ಊರಿನಲ್ಲಿ ಸಿಕ್ಕಿತು. 'ಆ ಸ್ಥಳದಿಂದ ದೇವರ ಬೆಟ್ಟಕ್ಕೆ ಸುಮಾರು ನಾಲ್ಕು ಮೈಲಿ ಇತ್ತು' ಎನ್ನುವಾಗ ಅವಳು ಬಳಸುವುದು 'ಹಬೇಬತ್'. ಯಾರು ಹೊಂದಿದ್ದರು ಆ ನಾಲ್ಕು ಮೈಲಿಗಳನ್ನು? ಯಾರೂ ಇಲ್ಲ. ಸುಮ್ಮನೆ 'ಇತ್ತು'. ರೋಮನ್ ಚಕ್ರವರ್ತಿಗಳ ಚರಿತ್ರೆಯ ಒಂದು ಪ್ರಾಚೀನ ಸಂಕಲನದಲ್ಲೂ ಇಂಥ ವಾಕ್ಯ ಬರುತ್ತದೆ: ಉಲ್ಪಿಯ ಗ್ರಂಥಾಲಯದ ಆರನೇ ಕಪಾಟಿನಲ್ಲಿ ದಂತದ ಪುಸ್ತಕವೊಂದು ಇದೆ. ಅಲ್ಲಿಯ ಕ್ರಿಯಾಪದ 'ಹಬೆತ್', ಕಪಾಟಿಗೆ ಇರುವ ಪದ 'ಅರ್ಮಾರಿಯುಂ'. ಅದೇ ಪದ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದು 'ಅಲಮಾರು' ಆಗಿದೆ. ನಮ್ಮ ಮನೆಯಲ್ಲಿ ಸೀರೆ ಇಡುವ ಅಲಮಾರು ಆ ಗ್ರಂಥಾಲಯದ ಕಪಾಟಿನ ಹೆಸರನ್ನೇ ಹೊತ್ತಿದೆ ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ.

ಹೊಂದಿದವರಾರೂ ಇಲ್ಲದ ಆ 'ಹಬೆತ್' ಇವತ್ತು ಸ್ಪ್ಯಾನಿಷಿನಲ್ಲಿ 'ಆಯ್' ಆಗಿದೆ, ಫ್ರೆಂಚಿನಲ್ಲಿ 'ಇಲ್ ಯ ಆ' ಆಗಿದೆ. ಅವಸರದಲ್ಲಿ ಫ್ರೆಂಚರು 'ಯಾ' ಎಂದಷ್ಟೇ ಅನ್ನುತ್ತಾರೆ. ಎರಡಕ್ಕೂ ಅರ್ಥ 'ಇದೆ'. ಹಿಡಿದಿರುವುದು ಎಂಬಲ್ಲಿಂದ ಹೊರಟ ಕ್ರಿಯಾಪದ ನಡೆದೂ ನಡೆದೂ ಕೊನೆಗೆ ನಮ್ಮ 'ಇರು' ನಿಂತಿರುವ ಕಟ್ಟೆಗೇ ಬಂದು ಕುಳಿತುಕೊಂಡಿತು.

ಇಷ್ಟೆಲ್ಲ ಹೊರೆ ಹೊತ್ತ ಮೇಲೆ ಅದಕ್ಕೆ ತನ್ನ ಮೊದಲ ಕೆಲಸ ಮಾಡಲು ತ್ರಾಣ ಉಳಿಯಲಿಲ್ಲ. ಸ್ಪ್ಯಾನಿಷಿನಲ್ಲಿ 'ನನ್ನ ಬಳಿ ಪುಸ್ತಕ ಇದೆ' ಎನ್ನಲು ಈಗ ಅಬೇರ್ ಬರುವುದಿಲ್ಲ, 'ತೆನೇರ್' ಬರುತ್ತದೆ. ಲ್ಯಾಟಿನ್ನಿನ 'ತೆನೇರೆ', ಬಿಗಿಯಾಗಿ ಹಿಡಿ ಎಂಬ ಅರ್ಥದ್ದು. ಒಂದು ಕೈ ಸೋತಾಗ ಇನ್ನೊಂದು ಕೈ ಬಂತು. ಪೋರ್ಚುಗೀಸಿನಲ್ಲಿ ಈ ಎರಡನೆಯ ಕೈ 'ತೇರ್' ಎಂಬ ರೂಪದಲ್ಲಿ ಸಹಾಯಕ ಕ್ರಿಯಾಪದದ ಜಾಗವನ್ನೂ ಬಹುಮಟ್ಟಿಗೆ ಹಿಡಿದುಕೊಂಡಿದೆ. ಬ್ರೆಜಿಲ್‌ನ ಆಡುಮಾತಿನಲ್ಲಿ 'ಇದೆ' ಎಂಬುದಕ್ಕೂ ಅದರದೇ ರೂಪವಾದ 'ತೇಂಯ್' ಬರುತ್ತದೆ. ಹಬೇರೆ ಎರಡು ಸಾವಿರ ವರ್ಷ ನಡೆದ ಹಾದಿಯಲ್ಲೇ ತೆನೇರೆಯೂ ಹೆಜ್ಜೆ ಇಡುತ್ತಿದೆ.

ಬ್ರೆಜಿಲ್‌ನಲ್ಲಿ ಅಂಗಡಿಗೆ ಹೋಗಿ ಬ್ರೆಡ್ ಕೇಳುವವರು 'ತೇಂಯ್ ಪಾಂವ್?' ಎನ್ನುತ್ತಾರೆ. ಈ 'ಪಾಂವ್' ಗೋವೆಯ ದಾರಿಯಾಗಿ ಬಂದು ನಮ್ಮ ಬೀದಿಯ ಪಾವ್ ಭಾಜಿಯಲ್ಲಿ ಸೇರಿಕೊಂಡಿದೆ. ಅಂಗಡಿಯವರು ಹೌದು ಎನ್ನುವುದಿಲ್ಲ. ಪೋರ್ಚುಗೀಸಿನಲ್ಲಿ ಕೇಳಿದ ಕ್ರಿಯಾಪದವನ್ನೇ ಮರಳಿ ಹೇಳಿ ಉತ್ತರ ಕೊಡುವುದು ರೂಢಿ.

'ತೇಂಯ್ ಪಾಂವ್?'

'ತೇಂಯ್.'

'ಪಾವ್ ಇದೆಯಾ?'

'ಇದೆ.'